ಮಾತಾಡುವವರು ಎಲ್ಲಿ ನಿಂತಿದ್ದಾರೆ?

ಅಧ್ಯಕ್ಷರೇ, ಗೆಳೆಯರೇ,

ನನಗೆ ಕೊಟ್ಟ ವಿಷಯ ‘ಇಂದಿನ ಕ್ರೈಸ್ತ ದೈವಶಾಸ್ತ್ರದ ಮುಖ್ಯ ಧಾರೆಗಳು’. ಕೊಟ್ಟ ಸಮಯ ಅರ್ಧ ಗಂಟೆ. ಹೆಸರುಗಳ ಪಟ್ಟಿ ಓದುವುದಿಲ್ಲ, ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ನೀವೇ ಓದುತ್ತೀರಿ. ನಾನು ಒಂದೇ ಪ್ರಶ್ನೆ ಹಿಡಿದು ಹೊರಡುತ್ತೇನೆ. ದೇವರ ಬಗ್ಗೆ ಈ ಮಾತನ್ನು ಆಡುತ್ತಿರುವವರು ಎಲ್ಲಿ ನಿಂತು ಆಡುತ್ತಿದ್ದಾರೆ?

ಇಪ್ಪತ್ತನೇ ಶತಮಾನದ ದೊಡ್ಡ ಪ್ರಾಟೆಸ್ಟೆಂಟ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಅವರಿಂದ ಶುರು ಮಾಡೋಣ. ಹುಟ್ಟಿದ್ದು 1886ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಮಂಗಳೂರಿನವರಿಗೆ ಈಗ ಹಂಚು ನೆನಪಾಯಿತು, ಅಲ್ವಾ? ಹೌದು, ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಷನ್‌ನ ಅದೇ ಬಾಸೆಲ್. 1911ರಲ್ಲಿ ಸಾಫೆನ್‌ವಿಲ್ ಎಂಬ ಸಣ್ಣ ಊರಿಗೆ ಪಾಸ್ಟರ್ ಆಗಿ ಬಂದರು. ಅದು ಗಿರಣಿ ಕಾರ್ಮಿಕರ ಊರು. ಬಂದ ವರ್ಷವೇ ಕಾರ್ಮಿಕರ ಸಂಘದಲ್ಲಿ ಯೇಸು ಮತ್ತು ಸಾಮಾಜಿಕ ನ್ಯಾಯದ ಬಗ್ಗೆ ಭಾಷಣ ಮಾಡಿದರು. ಗಿರಣಿ ಮಾಲೀಕರ ಮನೆತನದವರೊಬ್ಬರು ಸಿಟ್ಟಾಗಿ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಪಾಸ್ಟರ್ ಸುಮ್ನೆ ಕೂರಲಿಲ್ಲ, ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ‘ಕೆಂಪು ಪಾಸ್ಟರ್’ ಎಂಬ ಹೆಸರು ಅಂಟಿಕೊಂಡಿತು. ನಮ್ಮ ಚರ್ಚ್ ಸಭೆಗಳಲ್ಲಾಗಿದ್ದರೆ ಆರು ತಿಂಗಳಲ್ಲಿ ವರ್ಗಾವಣೆ ಆಗುತ್ತಿತ್ತು!

ಇರಲಿ. 1914ರಲ್ಲಿ ಯುದ್ಧ ಬಂತು. 93 ಜರ್ಮನ್ ವಿದ್ವಾಂಸರು, ಕಲಾವಿದರು ಜರ್ಮನ್ ಚಕ್ರವರ್ತಿ ಕೈಸರನ ಪರವಾಗಿ ಹೇಳಿಕೆಗೆ ಸಹಿ ಹಾಕಿದರು. ಬಾರ್ಟ್ ಆ ಹೆಸರುಗಳನ್ನು ನೋಡಿದರೆ ಅದರಲ್ಲಿ ತಮ್ಮ ಗುರುಗಳೇ ಇದ್ದಾರೆ. ಹಾರ್ನಾಕ್, ಹೆರ್ಮನ್. ಇಷ್ಟು ದಿನ ಇವರಿಂದ ಕಲಿತ ದೈವಶಾಸ್ತ್ರ ಇಷ್ಟೇನಾ ಎನಿಸಿತು. ದೇವರು, ದೇಶ, ಸಂಸ್ಕೃತಿ ಮೂರೂ ಒಂದೇ ಪಾತ್ರೆಯಲ್ಲಿ ಬೆಂದು ಬೇರ್ಪಡಿಸಲಾಗದ ಹಾಗೆ ಆಗಿಬಿಟ್ಟಿದ್ದವು. ಆಮೇಲೆ ಬೈಬಲ್‌ನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಬಾರ್ಟ್ ಬರೆದ ವ್ಯಾಖ್ಯಾನ ನಿಮಗೆ ಗೊತ್ತೇ ಇದೆ. ದೇವರು ಮನುಷ್ಯರ ದೇಶ, ಸಂಸ್ಕೃತಿಗಳಿಂದ ಪೂರ್ತಿ ಬೇರೆ ಎಂಬುದು ಅದರ ಸಾರ. ಬಾರ್ಟ್ ದೇವರನ್ನು ಕೈಗೆಟುಕದಷ್ಟು ಎತ್ತರದಲ್ಲಿಟ್ಟರು ಎಂದು ದೂರುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಹಾಗೆ ಎತ್ತರದಲ್ಲಿಟ್ಟಿದ್ದರಿಂದಲೇ ಕೈಸರನ ಕೈಗೆ ಎಟುಕಲಿಲ್ಲ, ಆಮೇಲೆ ಹಿಟ್ಲರನ ಕೈಗೂ ಎಟುಕಲಿಲ್ಲ. ನಾತ್ಸಿಗಳು ಚರ್ಚನ್ನು ವಶಮಾಡಿಕೊಳ್ಳುವುದನ್ನು ವಿರೋಧಿಸಿದ ಜರ್ಮನ್ ಕ್ರೈಸ್ತರ 1934ರ ಬಾರ್ಮೆನ್ ಘೋಷಣೆಯ ಕರಡಿನ ಹೆಚ್ಚಿನ ಭಾಗ ಅವರದೇ. ಮರುವರ್ಷ ಬಾನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು.

ಬಾರ್ಟ್‌ಗೇ ಇಷ್ಟು ಹೊತ್ತು ಹಿಡಿಯಿತು. ಮುಂದೆ ಹೋಗೋಣ. ಪೆರುವಿನ ಕ್ಯಾಥೊಲಿಕ್ ಪಾದ್ರಿ ಗುಸ್ತಾವೊ ಗುಟಿಯೆರೆಸ್ ನಿಂತಿದ್ದು ಲಿಮಾದ ಬಡವರ ನಡುವೆ. 1971ರ ಅವರ ಪುಸ್ತಕದಿಂದ ವಿಮೋಚನಾ ದೈವಶಾಸ್ತ್ರ, ಅಂದರೆ ಬಡವರ ಬಿಡುಗಡೆಯ ಕಡೆಯಿಂದ ದೇವರ ಬಗ್ಗೆ ಯೋಚಿಸುವುದು, ಎಂಬ ಹೆಸರು ಜಗತ್ತಿಗೆ ತಿಳಿಯಿತು. 1984ರಲ್ಲಿ ವ್ಯಾಟಿಕನ್ ಅದರ ಕೆಲವು ಧಾಟಿಗಳ ಮೇಲೆ ಮಾರ್ಕ್ಸ್‌ವಾದದ ಆಕ್ಷೇಪ ಎತ್ತಿತು. ಅದಕ್ಕೆ ನಾಲ್ಕು ವರ್ಷ ಮೊದಲು ಎಲ್ ಸಾಲ್ವಡಾರ್‌ನಲ್ಲಿ ಬಡವರ ಪರ ಮಾತಾಡಿದ ಆರ್ಚ್‌ಬಿಷಪ್ ರೊಮೆರೊ ಅವರನ್ನು ಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಟ್ಟು ಕೊಂದಿದ್ದರು. 2018ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಸತ್ತವರನ್ನು ಒಪ್ಪಿಕೊಳ್ಳುವುದು ಸುಲಭ, ಬಿಡಿ.

ಈಗ ನಮ್ಮ ಬೆಂಗಳೂರಿಗೆ ಬರೋಣ. 1981ರಲ್ಲಿ ಇಲ್ಲಿನ ಯುನೈಟೆಡ್ ತಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ದಲಿತ ದೈವಶಾಸ್ತ್ರದ ಆರಂಭ ಎಂದು ಅದನ್ನೇ ಹೇಳುತ್ತಾರೆ. ಅವರ ತಕರಾರು ನೇರವಾಗಿತ್ತು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರು. ಆದರೆ ನಮ್ಮ ದೈವಶಾಸ್ತ್ರವೆಲ್ಲ ಜ್ಞಾನಮಾರ್ಗ, ಭಕ್ತಿಮಾರ್ಗ ಎನ್ನುತ್ತಾ ಮೇಲ್ಜಾತಿಯ ಜಗಲಿಯ ಮೇಲೇ ಕೂತಿದೆ. ಮುಂದೆ ಅವರು ಬೈಬಲ್‌ನ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ಹಿಡಿದರು. ಅಲೆಮಾರಿ ಪೂರ್ವಿಕನನ್ನು ನೆನೆದು ಇಸ್ರಾಯೇಲ್ಯರು ಹೇಳುವ ವಿಶ್ವಾಸದ ಮಾತು ಅದು. ಆ ಜಾಗದಲ್ಲಿ ನಿಮ್ಮ ದಲಿತ ಅಜ್ಜ ಅಜ್ಜಿಯನ್ನು ನೆನೆಯಿರಿ ಎಂದರು. ನೋಡಿ, ಮತ್ತೆ ಅದೇ ಪ್ರಶ್ನೆ, ಎಲ್ಲಿ ನಿಂತು? ಪರಿಶಿಷ್ಟ ಜಾತಿಗಳ ಬಗೆಗಿನ 1950ರ ರಾಷ್ಟ್ರಪತಿ ಆದೇಶದಿಂದಾಗಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಸಭೆಯೊಳಗೆ ಜಾತಿ ಉಂಟು, ಸರ್ಕಾರದ ಕಾಗದದಲ್ಲಿ ಇಲ್ಲ.

ಚೀಟಿ ಬಂತು. ಐದು ನಿಮಿಷವಂತೆ. ಸ್ತ್ರೀವಾದಿ ದೈವಶಾಸ್ತ್ರಕ್ಕೆ ಐದು ನಿಮಿಷ ಕೊಡುವುದು ಅವಮಾನ. ಸಂಘಟಕರು ಅದಕ್ಕೆ ಬೇರೆ ದಿನ ಇಡಲಿ, ಮಾತಾಡಲು ಹೆಣ್ಣುಮಕ್ಕಳನ್ನೇ ಕರೆಯಲಿ. ಪರಿಸರದ ಬಗ್ಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ಪತ್ರವನ್ನು ಮನೆಯಲ್ಲಿ ಓದಿಕೊಳ್ಳಿ.

ಉಳಿದದ್ದು ಪವಿತ್ರಾತ್ಮನ ನೇರ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟಲ್ ಧಾರೆ. ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ 1906ರಲ್ಲಿ ಒಬ್ಬ ಕಪ್ಪು ಬೋಧಕರ ಸುತ್ತ ಸೇರಿದ ಗುಂಪಿನಿಂದ ಇದು ಊರೂರಿಗೆ ಹಬ್ಬಿತು. ಲ್ಯಾಟಿನ್ ಅಮೆರಿಕದಲ್ಲಿ ಒಂದು ಮಾತಿದೆ: ವಿಮೋಚನಾ ದೈವಶಾಸ್ತ್ರ ಬಡವರನ್ನು ಆರಿಸಿಕೊಂಡಿತು, ಬಡವರು ಪೆಂಟೆಕೋಸ್ಟಲ್ ಸಭೆಯನ್ನು ಆರಿಸಿಕೊಂಡರು. ನಗಬೇಡಿ. ನನ್ನ ಪ್ರಶ್ನೆಯನ್ನೇ ಇದು ನನ್ನ ಕಡೆ ತಿರುಗಿಸುತ್ತದೆ. ಬಡವರ ಪರ ಬರೆದವರು ಓದಿದವರು. ಪೆಂಟೆಕೋಸ್ಟಲ್ ಸಭೆಯಲ್ಲಿ ಕಾಯಿಲೆಗೆ ಪ್ರಾರ್ಥನೆ ಕೇಳಿ, ಎದ್ದು ನಿಂತು ಸಾಕ್ಷಿ ಹೇಳುವವರು ಬಡವರೇ. ಅವರು ಹೇಳುವುದೂ ದೈವಶಾಸ್ತ್ರವೇ ಅಂತ ನಾವು ಒಪ್ಪುತ್ತೇವಾ? ನಮ್ಮ ಕಾಲೇಜುಗಳು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಇಲ್ಲಿ ಪೆಂಟೆಕೋಸ್ಟಲ್ ಸಭೆಯವರು ಯಾರಾದರೂ ಇದ್ದರೆ ಮೊದಲ ಪ್ರಶ್ನೆ ನೀವೇ ಕೇಳಿ. ಮೈಕ್ ಆ ಕಡೆ ಕೊಡಿ.