ಒಂದು ವಿಮಾನ ಬೀಳಿಸಿದರೆ 500 ಡಾಲರ್

ಎಲ್ಲರಿಗೂ ನಮಸ್ಕಾರ. ಸಿನಿಮಾ ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಮಾತಾಡಿ ಅಂದಿದ್ದಾರೆ. ಕಥೆಯನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. 80 ವರ್ಷ ದಾಟಿದ ಸಿನಿಮಾ, ಇನ್ನೂ ಗುಟ್ಟು ಕಾಪಾಡಿ ಏನಾಗಬೇಕು?

ಸಿನಿಮಾ ಹೆಸರು ‘ಫ್ಲೈಯಿಂಗ್ ಟೈಗರ್ಸ್’. 1942ರ ಅಕ್ಟೋಬರ್‌ನಲ್ಲಿ ಬಂತು. ರಿಪಬ್ಲಿಕ್ ಪಿಕ್ಚರ್ಸ್ ತೆಗೆದದ್ದು, ನಿರ್ದೇಶಕ ಡೇವಿಡ್ ಮಿಲ್ಲರ್. ಹೀರೋ ಜಾನ್ ವೇಯ್ನ್. ಕುದುರೆ ಮೇಲೆ ನೋಡಿ ನೋಡಿ ಅಭ್ಯಾಸವಾಗಿದ್ದ ಜನಕ್ಕೆ ಆತ ಇಲ್ಲಿ ವಿಮಾನ ಹತ್ತಿ ಕಾಣಿಸಿಕೊಂಡ. ನಿಜವಾದ ಸೈನ್ಯಕ್ಕೆ ಆತ ಯಾವತ್ತೂ ಸೇರಲಿಲ್ಲ, ಅದು ಬೇರೆ ಕಥೆ ಬಿಡಿ.

ಚೀನಾದ ಮೇಲೆ ಜಪಾನ್ ಬಾಂಬ್ ಹಾಕುತ್ತಿದೆ. ಅಮೆರಿಕದಿಂದ ಒಂದಷ್ಟು ಪೈಲಟ್‌ಗಳು ಸ್ವಯಂಸೇವಕರಾಗಿ ಹೋಗಿ ಚೀನಾ ಪರ ಹೋರಾಡುತ್ತಿದ್ದಾರೆ. ಅವರ ನಾಯಕ ಜಿಮ್ ಗಾರ್ಡನ್, ಅಂದರೆ ವೇಯ್ನ್. ಅಲ್ಲಿಗೆ ಅವನ ಹಳೇ ಗೆಳೆಯ ವುಡಿ ಬರುತ್ತಾನೆ. ಈ ವುಡಿಗೆ ದುಡ್ಡಿನದೇ ಧ್ಯಾನ. ಒಂದು ಜಪಾನಿ ವಿಮಾನ ಬೀಳಿಸಿದರೆ 500 ಡಾಲರ್ ಅಂತೆ, ಸರಿ, ಎಷ್ಟು ಬೀಳಿಸಲಿ ಅನ್ನುವ ಜಾತಿ. ಅವನ ಉಡಾಫೆಯಿಂದ ಹ್ಯಾಪ್ ಅನ್ನುವ ಒಳ್ಳೆಯ ಮನುಷ್ಯ ಸಾಯುತ್ತಾನೆ. ಕೊನೆಗೆ ವುಡಿಗೆ ಬುದ್ಧಿ ಬರುತ್ತದೆ. ಸ್ಫೋಟಕ ತುಂಬಿದ ವಿಮಾನದಿಂದ ಜಿಮ್‌ನನ್ನು ಪ್ಯಾರಾಚೂಟ್ ಸಮೇತ ಹೊರಗೆ ತಳ್ಳಿ, ತಾನೊಬ್ಬನೇ ಹೋಗಿ ಶತ್ರುಗಳ ರೈಲಿಗೆ ಗುದ್ದುತ್ತಾನೆ.

ನನ್ನ ತಕರಾರು ಈ ವುಡಿ ವಿಷಯದಲ್ಲೇ ಇರೋದು.

ನಮ್ಮಲ್ಲಿ ಸ್ವಯಂಸೇವಕ ಅಂದರೆ ಜಾತ್ರೆಯಲ್ಲಿ ಬ್ಯಾಡ್ಜ್ ಹಾಕಿಕೊಂಡು ಮಜ್ಜಿಗೆ ಹಂಚುವವರು. ಇವರು ಹಾಗಲ್ಲ. ನಿಜವಾದ ಪಡೆಯ ಹೆಸರು ಅಮೆರಿಕನ್ ವಾಲಂಟಿಯರ್ ಗ್ರೂಪ್, ‘ಫ್ಲೈಯಿಂಗ್ ಟೈಗರ್ಸ್’ ಅನ್ನೋದು ಅದರ ಅಡ್ಡಹೆಸರು, ಮುಖ್ಯಸ್ಥ ಕ್ಲೇರ್ ಶೆನಾಲ್ಟ್. 1941ರಲ್ಲಿ ಸುಮಾರು 100 ಪೈಲಟ್‌ಗಳು ಮತ್ತು 200 ನೆಲದ ಸಿಬ್ಬಂದಿ ತಿಂಗಳ ಸಂಬಳಕ್ಕೆ ಸಹಿ ಹಾಕಿ ಹೊರಟರು. ಪೈಲಟ್‌ಗೆ 600 ಡಾಲರ್, ಸ್ಕ್ವಾಡ್ರನ್ ನಾಯಕನಿಗೆ 750. ಸೈನ್ಯದ ಸಂಬಳಕ್ಕಿಂತ ತುಂಬಾ ಜಾಸ್ತಿ. ಅದರ ಮೇಲೆ ಬೀಳಿಸಿದ ವಿಮಾನಕ್ಕೆ 500. ಇದು ಕಾಂಟ್ರಾಕ್ಟ್‌ನಲ್ಲಿ ಬರೆದಿರಲಿಲ್ಲ, ಬಾಯಿಮಾತು. ಆದರೆ ಚೀನಾ ಕೊಟ್ಟ ಮಾತು ಉಳಿಸಿಕೊಂಡಿತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಹಾಗಾಗಿ ಎಲ್ಲವೂ ಗುಟ್ಟು, ಪಾಸ್‌ಪೋರ್ಟ್‌ಗಳಲ್ಲಿ ಸುಳ್ಳು ಸುಳ್ಳೇ ಉದ್ಯೋಗಗಳು. ಗ್ರೆಗರಿ ಬೋಯಿಂಗ್ಟನ್ ಅಂತ ಒಬ್ಬ ಮಹಾ ಕುಡುಕ ಪೈಲಟ್ ಇದ್ದ, ಅವನ ಪಾಸ್‌ಪೋರ್ಟ್ ಪ್ರಕಾರ ಅವನು ಪಾದ್ರಿ!

ಅಂದರೆ ದುಡ್ಡಿಗೂ ಬಂದವರು ಎಲ್ಲರೂ. ಸಾಹಸದ ಹುಚ್ಚಿಗೆ, ಸಾಲ ತೀರಿಸೋಕೆ, ಚೀನಾ ಬಗ್ಗೆ ಕನಿಕರಕ್ಕೆ, ಎಲ್ಲ ಸೇರಿಸಿಕೊಂಡೇ ಬಂದರು. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಆದರೆ ಸಿನಿಮಾಗೆ ನಾಚಿಕೆ. ಅದಕ್ಕೇ ಎಲ್ಲರ ದುಡ್ಡಿನಾಸೆಯನ್ನೂ ವುಡಿಯೊಬ್ಬನ ತಲೆಗೆ ಕಟ್ಟಿ, ಕೊನೆಗೆ ಅವನನ್ನೇ ಸುಟ್ಟುಹಾಕಿತು.

ಈ ಸಂಬಳ ಕೊಟ್ಟವರು ಯಾರು ಗೊತ್ತಾ? ಕಾಗದದ ಮೇಲೆ ಕ್ಯಾಮ್ಕೋ ಅನ್ನುವ ಕಂಪನಿ. ಚೀನಾದಲ್ಲಿ ವಿಮಾನ ಜೋಡಿಸುತ್ತಿದ್ದ ಕಂಪನಿ ಅದು. ಅದರ ಹಿಂದಿದ್ದವನು ವಿಲಿಯಂ ಪಾಲಿ. ಬೆಂಗಳೂರಿನವರು ಈ ಹೆಸರು ನೆನಪಿಟ್ಟುಕೊಳ್ಳಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇದೇ ಪಾಲಿಯನ್ನು ಜೊತೆಗಿಟ್ಟುಕೊಂಡು, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು. ನಮ್ಮ ಈಗಿನ ಎಚ್‌ಎಎಲ್. ಅಲ್ಲಿ ಮೊದಮೊದಲು ಜೋಡಿಸಿದ ವಿಮಾನಗಳಲ್ಲಿ ಕರ್ಟಿಸ್ ಹಾಕ್ ಕೂಡ ಒಂದು. ಈ ಸಿನಿಮಾದಲ್ಲಿ ಹಾರುವ ಪಿ-40 ಯುದ್ಧವಿಮಾನಕ್ಕೆ ಅದು ಸ್ವಂತ ಅಣ್ಣ. ಅದೇ ಹಾಕ್‌ಗೆ ಎಂಜಿನ್ ಬದಲಾಯಿಸಿ ಮೂಗು ಉದ್ದ ಮಾಡಿದ್ದೇ ಪಿ-40.

ಇನ್ನು ಸಿನಿಮಾದ ದೊಡ್ಡ ಸುಳ್ಳು. ಇದರಲ್ಲಿ ಎಲ್ಲರೂ ಪರ್ಲ್ ಹಾರ್ಬರ್‌ಗೆ, ಅಂದರೆ 1941ರ ಡಿಸೆಂಬರ್‌ನಲ್ಲಿ ಜಪಾನ್ ಅಮೆರಿಕದ ನೌಕಾನೆಲೆ ಮೇಲೆ ಮಾಡಿದ ದಾಳಿಗೆ, ಮುಂಚೆಯೇ ಕಾದಾಡುತ್ತಾರೆ, ಆಮೇಲೆ ರೇಡಿಯೋದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಭಾಷಣ ಬರುತ್ತದೆ. ನಿಜದಲ್ಲಿ ಪರ್ಲ್ ಹಾರ್ಬರ್ ಆದಾಗ ಇವರಿನ್ನೂ ಬರ್ಮಾದ ಟೌಂಗೂನಲ್ಲಿ ತರಬೇತಿಯಲ್ಲಿದ್ದರು. ಮೊದಲ ಕಾಳಗ ಡಿಸೆಂಬರ್ 20ಕ್ಕೆ, ಚೀನಾದ ಕುನ್ಮಿಂಗ್ ಹತ್ತಿರ.

ಶೆನಾಲ್ಟ್ ಕಲಿಸಿದ್ದು ಬಹಳ ಸರಳ. ಜಪಾನಿ ವಿಮಾನ ಹಗುರ, ಚಕಚಕ ತಿರುಗುತ್ತದೆ. ಅದರ ಜೊತೆ ತಿರುಗೋಕೆ ಹೋದರೆ ಸತ್ತಿರಿ. ಪಿ-40 ಭಾರ, ಆದರೆ ಕಲ್ಲು ಬಿದ್ದ ಹಾಗೆ ಕೆಳಗೆ ನುಗ್ಗುತ್ತದೆ. ಮೇಲಿಂದ ಬನ್ನಿ, ಹೊಡೀರಿ, ಓಡಿ. ವಿಮಾನ ಬರುತ್ತಿದೆ ಅಂತ ಗೊತ್ತಾಗೋದು ಹೇಗೆ? ರೇಡಾರ್ ಇರಲಿಲ್ಲ. ಊರೂರಲ್ಲಿ ಚೀನೀ ಜನ ಆಕಾಶ ನೋಡುತ್ತಾ ಕೂತು ಫೋನ್‌ನಲ್ಲೋ ರೇಡಿಯೋದಲ್ಲೋ ಸುದ್ದಿ ಮುಟ್ಟಿಸುತ್ತಿದ್ದರು. ಸಿನಿಮಾ ಆಗಬೇಕಾದ ಕಥೆ ಇದು, ಅಲ್ವಾ? ಹಳ್ಳಿಯವನೊಬ್ಬ ಶಬ್ದ ಕೇಳಿಸಿಕೊಂಡು ಫೋನ್ ಕಡೆ ಓಡುವುದು. ಆದರೆ ಅವನು ಜಾನ್ ವೇಯ್ನ್ ಅಲ್ಲವಲ್ಲ.

ಇಷ್ಟೆಲ್ಲ ಬೈದ ಮೇಲೂ ಈ ಸಿನಿಮಾವನ್ನು ನಾನು ಮತ್ತೆ ಮತ್ತೆ ನೋಡೋದು ಇದರ ಟ್ರಿಕ್ ದೃಶ್ಯಗಳನ್ನು ಮಾಡಿದ ಲೈಡೆಕರ್ ಅಣ್ಣತಮ್ಮಂದಿರಿಗಾಗಿ. ನಿಜವಾದ ಪಿ-40ಗಳೆಲ್ಲ ಯುದ್ಧದಲ್ಲಿದ್ದವು, ಚಿಕ್ಕ ಸ್ಟುಡಿಯೋಗೆ ಯಾರು ಕೊಡ್ತಾರೆ? ಹಾಗಾಗಿ ನೆಲದ ಮೇಲೆ ಓಡಾಡಲು ನಿಜವಾದ ಅಳತೆಯ ಡಮ್ಮಿ ವಿಮಾನಗಳನ್ನು ಮಾಡಿಸಿದರು. ಅವು ಉರುಳುತ್ತವೆ, ಹಾರಲ್ಲ. ಹಾರುವವು ಲೈಡೆಕರ್‌ಗಳ ಮಾದರಿಗಳು. ತಂತಿಗೆ ಕಟ್ಟಿ, ಸ್ಟುಡಿಯೋ ಒಳಗಲ್ಲ, ಹೊರಗೆ ಬಿಸಿಲಲ್ಲಿ ಓಡಿಸಿ ತೆಗೆದದ್ದು. ನೆರಳು ಸೂರ್ಯನದೇ, ಮೋಡ ನಿಜವಾದದ್ದು. ಅದಕ್ಕೇ ಕಣ್ಣು ಮೋಸ ಹೋಗುತ್ತದೆ. ಆಸ್ಕರ್ ನಾಮನಿರ್ದೇಶನವೂ ಬಂತು. ಮೂಗಿನ ಮೇಲಿನ ಶಾರ್ಕ್ ಹಲ್ಲು ಗಮನಿಸಿ. ಅದು ಇವರ ಸ್ವಂತದ್ದಲ್ಲ, ಉತ್ತರ ಆಫ್ರಿಕಾದ ಒಂದು ಬ್ರಿಟಿಷ್ ಸ್ಕ್ವಾಡ್ರನ್‌ನಿಂದ ಕದ್ದದ್ದು. ಅವರು ಜರ್ಮನರಿಂದ ಕದ್ದಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಪಾನಿ ಪೈಲಟ್‌ಗಳನ್ನು ಇದರಲ್ಲಿ ಮನುಷ್ಯರು ಅಂತ ತೋರಿಸಿಲ್ಲ. ಗುಂಡು ಬಿದ್ದು ಮುಖ ಹಿಡಿದುಕೊಳ್ಳುವುದಷ್ಟೇ ಅವರ ಪಾತ್ರ. ಯುದ್ಧಕಾಲದ ಸಿನಿಮಾ, ಸರಿ. ಆದರೂ ಈಗ ನೋಡುವಾಗ ಕಸಿವಿಸಿ ಆಗುತ್ತದೆ.

ನಿಜವಾದ ಪಡೆ ಸುಮಾರು 300 ವಿಮಾನ ಬೀಳಿಸಿದೆವು ಅಂತ ಲೆಕ್ಕ ಬರೆಯಿತು. ಜಪಾನಿನ ದಾಖಲೆಗಳನ್ನೂ ಇಟ್ಟುಕೊಂಡು ನೋಡಿದ ಇತಿಹಾಸಕಾರರು ಅದರ ಅರ್ಧವೂ ಆಗಲ್ಲ ಅನ್ನುತ್ತಾರೆ. ಆಕಾಶದಲ್ಲಿ ಲೆಕ್ಕ ಹಾಗೇನೇ, ಎಲ್ಲ ದೇಶದ ಪೈಲಟ್‌ಗಳದ್ದೂ ಅದೇ ಹಾಡು. ಇಲ್ಲಿ ಒಂದೊಂದಕ್ಕೂ 500 ಡಾಲರ್ ಇತ್ತು ಅಷ್ಟೇ.

1942ರ ಜುಲೈ 4ಕ್ಕೆ ಪಡೆಯನ್ನು ವಿಸರ್ಜಿಸಿದರು. ಅಲ್ಲೇ ಉಳಿದು ಅಮೆರಿಕದ ಸೈನ್ಯಕ್ಕೆ ಸೇರಿ ಅಂತ ಕರೆದರು. ಆಗ ಹೂಂ ಅಂದ ಪೈಲಟ್‌ಗಳು ಐದೇ ಜನ. ಉಳಿದವರಿಗೆ ಸುಸ್ತಾಗಿತ್ತು, ಸೈನ್ಯದವರು ಕರೆದ ರೀತಿಯೂ ಹಿಡಿಸಿರಲಿಲ್ಲ. ಕೆಲವರು ಎರಡು ವಾರ ಜಾಸ್ತಿ ಇದ್ದು ಕೈಜೋಡಿಸಿದರು, ಆಮೇಲೆ ಊರಿಗೆ ಹೊರಟರು. ಮೂರು ತಿಂಗಳಿಗೆ ಈ ಸಿನಿಮಾ ಬಂತು.

ಸರಿ, ಲೈಟ್ ಆರಿಸಿ.