ಅಜ್ಜಿಗೂ ಹತ್ತು ಗುಂಟೆ

ಕೇಳುಗರೇ, ನಮಸ್ಕಾರ.

ಬಹಳ ವರ್ಷ ದಸ್ತಾವೇಜು ಬರೆದವನು ನಾನು. ಒಂದು ದಿನ ಶಿರಸಿ ಕಡೆಯ ಹುಡುಗನೊಬ್ಬ ಪಹಣಿ ಹಿಡಿದುಕೊಂಡು ಬಂದ. ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟ. ಅಪ್ಪ ಸ್ವಂತ ದುಡ್ಡಲ್ಲಿ ಕೊಂಡದ್ದು. ಉಯಿಲು ಬರೆಯದೆ ತೀರಿಕೊಂಡಿದ್ದರು.

"ನಾವು ಅಣ್ಣ ತಮ್ಮ ಇಬ್ಬರೇ. ಅರ್ಧರ್ಧ ಮಾಡಿಬಿಡಿ" ಅಂದ.

"ಮನೆಯಲ್ಲಿ ಮತ್ತೆ ಯಾರಿದ್ದಾರೆ?"

"ಆಯಿ ಇದ್ದಾಳೆ. ತಂಗಿಯನ್ನು ಕುಮಟೆಗೆ ಕೊಟ್ಟಿದೆ. ಮತ್ತೆ ಅಜ್ಜಿ. ಅಪ್ಪಯ್ಯನ ಆಯಿ. ಜಗುಲಿಯಲ್ಲಿ ಕೂತು ಇವತ್ತಿಗೂ ಅಡಿಕೆ ಸುಲಿಯುತ್ತಾಳೆ."

"ಹಾಗಾದರೆ ಐದು ಪಾಲು" ಅಂದೆ. ಹುಡುಗ ನಕ್ಕುಬಿಟ್ಟ. ಅಜ್ಜಿಗೆ ಎಂತಕ್ಕೆ ಪಾಲು ಅಂತ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುವುದೇ ಹಾಗೆ. ಗಂಡಸು ಉಯಿಲಿಲ್ಲದೆ ಸತ್ತರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆತ್ತ ತಾಯಿ, ಎಲ್ಲರಿಗೂ ಸಮಪಾಲು. ತಾಯಿಗೆ ಸಿಗುತ್ತದೆ, ತಂದೆಗೆ ಮಾತ್ರ ಈ ಮೊದಲ ಸಾಲಿನಲ್ಲಿ ಜಾಗವಿಲ್ಲ. ಅಂದರೆ ತಲೆಗೆ ಹತ್ತು ಗುಂಟೆ.

ಕತೆ ಇಲ್ಲಿಗೇ ಮುಗಿಯುವುದಿಲ್ಲ. ನಾಳೆ ಅಜ್ಜಿ ಹೋದರೆ? ಆ ಹತ್ತು ಗುಂಟೆ ಅಜ್ಜಿಯ ಮಕ್ಕಳಿಗೆ. ಹುಡುಗನ ಇಬ್ಬರು ಸೋದರತ್ತೆಯರು ಒಬ್ಬಳು ಸಿದ್ದಾಪುರದಲ್ಲಿ, ಇನ್ನೊಬ್ಬಳು ಮುಂಬೈಯಲ್ಲಿ. ತಲಾ ಒಂದು ಪಾಲು ಅವರಿಗೆ. ಉಳಿದ ಮೂರನೆಯ ಒಂದು ಪಾಲು ಸತ್ತ ಮಗನ ಮಕ್ಕಳಿಗೆ. ಪಾಲು ಮಾಡದೆ ವರ್ಷಗಟ್ಟಲೆ ಸುಮ್ನೆ ಕೂತರೆ ಒಂದು ಸಹಿಯ ಜಾಗದಲ್ಲಿ ಐದು ಸಹಿ ಬೇಕಾಗುವುದು ಹೀಗೆ. ಹೆದ್ದಾರಿಗೆ ಜಾಗ ಹೋಗಿ ಪರಿಹಾರದ ದುಡ್ಡು ಬಂತು ಅನ್ನಿ, ಅದು ಕೈಗೆ ಸಿಗುವ ಮೊದಲು ಇವರೆಲ್ಲ ಒಂದೇ ಮಾತಿಗೆ ಬರಬೇಕು.

ತೋಟ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಮೊದಲು ಅಪ್ಪನ ಪಾಲೆಷ್ಟು ಅಂತ ತೆಗೆಯಬೇಕು, ಅದನ್ನಷ್ಟೇ ಹೀಗೆ ಹಂಚಬೇಕು. 2005ರ ತಿದ್ದುಪಡಿಯಿಂದ ಅಲ್ಲೂ ಮಗಳು ಮಗನ ಸಮ. ಆ ಹೊತ್ತಿಗೆ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಮದುವೆಗೆ ಬಂಗಾರ ಹಾಕಿದ್ದೇವಲ್ಲ" ಅನ್ನುವ ಮಾತು ಊಟದ ಪಂಕ್ತಿಯಲ್ಲಿ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುವುದಿಲ್ಲ. ತಂಗಿಗೆ ಬೇಡವಾದರೆ ಅವಳೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡಲಿ. ವಂಶವೃಕ್ಷದಲ್ಲಿ ಅವಳ ಹೆಸರನ್ನೇ ಬಿಡುವ ಜಾಣತನ ಬೇಡ. ಅದನ್ನು ನಾನು ಕಂಡಿದ್ದೇನೆ, ಆಮೇಲೆ ವಕೀಲರ ಮನೆಗೆ ಅಲೆದದ್ದನ್ನೂ ಕಂಡಿದ್ದೇನೆ.

ಕ್ರೈಸ್ತರಿಗೆ 1925ರ ಕಾಯ್ದೆ: ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮನಾಗಿ. ಮುಸ್ಲಿಂ ಮನೆಗಳಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು, ತಾಯಿಗೆ ಆರರಲ್ಲಿ ಒಂದು, ಮಗಳಿಗೆ ಮಗನ ಅರ್ಧ. ಮಾಜಾಳಿ ದಾಟಿ ಗೋವಾಕ್ಕೆ ಹೋದರೆ ಅಲ್ಲಿನದು ಪೋರ್ಚುಗೀಸರ ಕಾಲದ ಕಾನೂನಿನಿಂದ ಬೆಳೆದು ಬಂದ ಬೇರೆಯೇ ಕಾನೂನು. ಕಾರವಾರದವರಿಗೆ ಅಲ್ಲೂ ನೆಂಟರಿದ್ದಾರಲ್ವಾ, ನಮ್ಮ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ.

ಮಾಡಬೇಕಾದ್ದು ಇಷ್ಟು. ಸಾವಾದ 21 ದಿನದೊಳಗೆ ಮರಣ ನೋಂದಣಿ. ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ. ಪೌತಿ ಖಾತೆಯಲ್ಲಿ ಹಿರಿಮಗನೊಬ್ಬನ ಹೆಸರೇ ಬಂದರೂ ಜಮೀನು ಅವನೊಬ್ಬನದಾಗುವುದಿಲ್ಲ. ಬ್ಯಾಂಕಿನ ನಾಮಿನಿಯೂ ಅಷ್ಟೆ. ದುಡ್ಡು ಅವನ ಕೈಗೆ ಬರುತ್ತದೆ, ಹಂಚುವುದು ವಾರಸುದಾರರಿಗೆ.

ಇನ್ನು ಹಿಂದೂ ಹೆಂಗಸರ ಆಸ್ತಿ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಒಬ್ಬಾಕೆ ಒಮ್ಮೆ ಬಂದಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಬಂಗುಡೆ, ತಾರ್ಲೆ ಮಾರಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದಾಳೆ. ನೋಡಿಕೊಳ್ಳುವುದು ತವರಿನ ತಾಯಿ. "ನಾ ಹೋದ್ರೆ ಮನೆ ಅವ್ಳಿಗೇ ಅಲ್ವಾ?"

ಅಲ್ಲ. ಅವಳೇ ದುಡಿದು ಮಾಡಿದ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ತಾಯಿತಂದೆಗೆ. ತವರಿನಿಂದ ಪಾಲಾಗಿ ಬಂದ ಆಸ್ತಿಯಾಗಿದ್ದರೆ ತಂದೆಯ ಕಡೆಗೆ ಮರಳುತ್ತಿತ್ತು, ಇದು ಹಾಗಲ್ಲ. ಗಂಡನ ತಮ್ಮ ಹತ್ತು ವರ್ಷದಿಂದ ಬಾಗಿಲಿಗೆ ಬಂದವನಲ್ಲ. ನನಗಂತೂ ಈ ಕಲಮಿನಷ್ಟು ಸಿಟ್ಟು ಬರಿಸುವುದು ಇಡೀ ಕಾಯ್ದೆಯಲ್ಲಿ ಮತ್ತೊಂದಿಲ್ಲ.

"ಉಯಿಲು ಬರಿ ತಾಯಿ" ಅಂದೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಅವಳ ಸಹಿ, ಅದನ್ನು ನೋಡಿದ ಇಬ್ಬರು ಸಾಕ್ಷಿಗಳ ಸಹಿ. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ.

ಆಕೆ ಹಾಳೆಯನ್ನು ತಿರುವಿ ನೋಡಿದಳು. "ಮನೇಲಿ ಎಲ್ಲ ಒದ್ದೆ ಸಾಹೇಬ್ರೇ. ಮಳೆಗಾಲದಲ್ಲಿ ಇದು ಉಳೀತದ್ಯಾ?"

ಹಾಗಾಗಿ ನೋಂದಣಿಯನ್ನೂ ಮಾಡಿಸಿದೆವು. ಹಾಳೆ ಹೋದರೂ ಉಪನೋಂದಣಿ ಕಚೇರಿಯಲ್ಲಿ ನಕಲು ಇರುತ್ತದೆ. ಕೆಲಸ ಮುಗಿದ ಮೇಲೆ ಆಕೆ ಬುಟ್ಟಿ ಎತ್ತಿಕೊಂಡು, ಸಂಜೆಯ ದೋಣಿ ಬರುವ ಹೊತ್ತಾಯಿತೆಂದು ಓಡಿದಳು.