ಕಿವಿಗೆ ಜಪಾನಿ, ಕಣ್ಣಿಗೆ ಇಂಗ್ಲಿಷ್

ಅಧ್ಯಕ್ಷರಿಗೆ, ವೇದಿಕೆಯ ಹಿರಿಯರಿಗೆ, ಊಟದ ನಂತರದ ಗೋಷ್ಠಿಯಾದರೂ ಎದ್ದು ಹೋಗದೆ ಕುಳಿತಿರುವ ನಿಮಗೆಲ್ಲ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಜಪಾನಿನ ವಿಡಿಯೊ ಗೇಮ್‌ಗಳು ಮತ್ತು ಯುವಜನತೆ’ ಎಂದು ಅಚ್ಚು ಹಾಕಿಸಿದ್ದಾರೆ. ಯುವಜನತೆಯ ಬಗ್ಗೆ ನನ್ನ ಬಳಿ ಹೇಳುವಂಥದ್ದು ಏನೂ ಇಲ್ಲ, ಅವರನ್ನು ಅವರ ಪಾಡಿಗೆ ಬಿಟ್ಟರೆ ಸಾಕು. ನಾನು ಬಂದಿರುವುದು ವಿಷುಯಲ್ ನಾವೆಲ್‌ಗಳ ಬಗ್ಗೆ, ಅದರಲ್ಲೂ ಅವುಗಳ ಇಂಗ್ಲಿಷ್ ಅನುವಾದಗಳ ಬಗ್ಗೆ ಮಾತನಾಡಲು. ಹಿಂದಿನ ಸಾಲುಗಳಲ್ಲಿ ಗುಂಪಾಗಿ ಕುಳಿತಿರುವವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅನುವಾದ ಗೋಷ್ಠಿ ಎಂದು ನಂಬಿ ಬಂದ ಹಿರಿಯರಿಗಾಗಿ ಮಾತ್ರ ಎರಡು ಮಾತು. ಪರದೆಯ ಮೇಲೆ ಒಂದು ಚಿತ್ರ, ಹಿನ್ನೆಲೆಯಲ್ಲಿ ಸಂಗೀತ, ಕೆಳಗೆ ಮೂರು ಸಾಲು ಹಿಡಿಸುವ ಒಂದು ಚೌಕಟ್ಟು. ಓದಿ ಮುಗಿಸಿ ಕ್ಲಿಕ್ ಮಾಡಿದರೆ ಮುಂದಿನ ಮಾತು ಬರುತ್ತದೆ. ಹೀಗೆ ಐವತ್ತು ಗಂಟೆ, ಅರವತ್ತು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇದನ್ನು ಆಟ ಎನ್ನಬೇಕೋ ಕಾದಂಬರಿ ಎನ್ನಬೇಕೋ ಎಂಬ ಚರ್ಚೆಯನ್ನು ದಯವಿಟ್ಟು ಚಹಾದ ವಿರಾಮಕ್ಕೆ ಇಟ್ಟುಕೊಳ್ಳಿ.

ಇತಿಹಾಸವನ್ನು ಓಡಿಸಿಬಿಡುತ್ತೇನೆ. 1983ರಲ್ಲಿ ಯೂಜಿ ಹೊರಿಯಿ ಬರೆದ ಪೋರ್ಟೋಪಿಯಾ ಕೊಲೆ ಪ್ರಕರಣ, 1992ರಲ್ಲಿ ಚುನ್‌ಸಾಫ್ಟ್‌ನವರ ಒತೋಗಿರಿಸೋ, 1996ರಲ್ಲಿ ‘ವಿಷುಯಲ್ ನಾವೆಲ್’ ಎಂಬ ಹೆಸರನ್ನೇ ತಮ್ಮ ಮಾಲಿಕೆಗೆ ಇಟ್ಟುಕೊಂಡ ಲೀಫ್ ಸಂಸ್ಥೆ, ನಂತರ ಕೀ, ಟೈಪ್-ಮೂನ್. ಇಷ್ಟು ಸಾಕು.

ನನ್ನ ತಕರಾರಿಗೆ ಬರುತ್ತೇನೆ. ಈ ಕೃತಿಗಳ ಇಂಗ್ಲಿಷ್ ಅನುವಾದದ ಬಗ್ಗೆ ಜಗಳ ನಡೆಯುವಾಗಲೆಲ್ಲ ಎರಡೇ ಪಕ್ಷ. ಮೂಲಕ್ಕೆ ನಿಷ್ಠವಾಗಿರಬೇಕು ಎನ್ನುವವರು ಒಂದು ಕಡೆ, ಓದಲು ಸರಾಗವಾಗಿರಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದೊಂದು ವಾಕ್ಯವನ್ನು ಕಿತ್ತು ತಂದು ಹೋಲಿಸುತ್ತಾರೆ. ಪುಸ್ತಕಕ್ಕೆ ಅದು ಸರಿ. ವಿಷುಯಲ್ ನಾವೆಲ್‌ನಲ್ಲಿ ಅಳತೆಯ ಘಟಕವೇ ಬೇರೆ, ಅದು ಕ್ಲಿಕ್. ಒಂದು ಕ್ಲಿಕ್ಕಿನಿಂದ ಇನ್ನೊಂದು ಕ್ಲಿಕ್ಕಿನವರೆಗೆ ಓದುಗನಿಗೆ ಏನು ತಿಳಿಯಿತು, ಏನು ತಿಳಿಯದೆ ಉಳಿಯಿತು ಎಂಬುದನ್ನು ಮೂಲ ಲೇಖಕ ಲೆಕ್ಕ ಹಾಕಿ ಬರೆದಿರುತ್ತಾನೆ. ಆ ಲೆಕ್ಕ ತಪ್ಪಿದರೆ ವಾಕ್ಯ ಎಷ್ಟೇ ನಿಷ್ಠವಾಗಿದ್ದರೂ, ಎಷ್ಟೇ ಸೊಗಸಾಗಿದ್ದರೂ ಅನುವಾದ ಕೆಟ್ಟಿತೆಂದೇ ಅರ್ಥ.

ಇಲ್ಲಿ ಗಮಕ ವಾಚನ ಕೇಳಿ ಬೆಳೆದವರು ಅನೇಕರಿದ್ದೀರಿ. ಗಮಕಿ ಕುಮಾರವ್ಯಾಸನ ಪದ್ಯ ಹಾಡುತ್ತಾರೆ, ಅದು ಮುಗಿದ ಮೇಲೆ ವ್ಯಾಖ್ಯಾನಕಾರರು ಬಾಯಿ ತೆರೆಯುತ್ತಾರೆ. ಇನ್ನೂ ರಾಗ ಎಳೆಯುತ್ತಿರುವಾಗಲೇ ವ್ಯಾಖ್ಯಾನಕಾರರು ಮೈಕ್ ಕಿತ್ತುಕೊಂಡು ‘ಕರ್ಣ ಸತ್ತ’ ಎಂದುಬಿಟ್ಟರೆ ಸಭೆ ಸುಮ್ಮನಿರುತ್ತದೆಯೇ? ಇಂಗ್ಲಿಷ್‌ನಲ್ಲಿ ವಿಷುಯಲ್ ನಾವೆಲ್ ಓದುವವರ ಪಾಡು ಬಹುಮಟ್ಟಿಗೆ ಇದೇ. ಕಿವಿಯಲ್ಲಿ ಜಪಾನಿ ನಟಿಯ ದನಿ, ಕಣ್ಣಿನಲ್ಲಿ ಇಂಗ್ಲಿಷ್ ಅಕ್ಷರ. ಜಪಾನಿ ನಮ್ಮ ಹಾಗೆ ಕ್ರಿಯಾಪದವನ್ನು ಕೊನೆಗೆ ಇಡುವ ಭಾಷೆ. ನಿರಾಕರಣೆಯೂ ಕೊನೆಗೇ ಬರುತ್ತದೆ. ‘ನಿನ್ನನ್ನು ನಾನು ಒಂದು ದಿನವಾದರೂ ಮರೆತಿರಲಿ...’ ಎಂಬಲ್ಲಿಗೆ ನಟಿಯ ಉಸಿರು ಕಟ್ಟುತ್ತದೆ, ಆಮೇಲೆ ‘ಲ್ಲ’. ಇಂಗ್ಲಿಷ್ ವಾಕ್ಯದಲ್ಲಿ ಆ ‘ಇಲ್ಲ’ ಎರಡನೆಯ ಪದವಾಗಿ ಬಂದು ಕೂತಿರುತ್ತದೆ. ಆಕೆ ಅಳುವ ಮೊದಲೇ ನಾವು ಅತ್ತು ಮುಗಿಸಿರುತ್ತೇವೆ. ಜಪಾನಿ ಓದುಗನೂ ದನಿಗಿಂತ ಬೇಗ ಓದುತ್ತಾನೆ ಎಂದು ಯಾರೋ ತಲೆ ಆಡಿಸುತ್ತಿದ್ದೀರಿ. ನಿಜ, ಆದರೆ ಅವನ ಕಣ್ಣು ಕೊನೆಗೆ ತಲುಪುವ ಪದವೂ ಅವಳ ದನಿ ಕೊನೆಗೆ ತಲುಪುವ ಪದವೂ ಒಂದೇ.

ಇದು ಇಂಗ್ಲಿಷಿನ ತಪ್ಪಲ್ಲ. ಒಳ್ಳೆಯ ಅನುವಾದಕರು ಇದಕ್ಕೆ ಉಪಾಯ ಹುಡುಕುತ್ತಾರೆ: ವಾಕ್ಯವನ್ನು ಮುರಿದು ಮುಖ್ಯ ಸುದ್ದಿಯನ್ನು ತುದಿಗೆ ತಳ್ಳುತ್ತಾರೆ. ಹಾಗೆ ತಳ್ಳಿದಾಗ ನಿಷ್ಠಾಪಕ್ಷದವರು ‘ಮೂಲದಲ್ಲಿ ಒಂದೇ ವಾಕ್ಯವಿತ್ತು’ ಎಂದು ಕೂಗುತ್ತಾರೆ. ಸರಿ, ಮೂಲದಲ್ಲಿ ಒಂದೇ ಕ್ಲಿಕ್ಕೂ ಇತ್ತಲ್ಲ!

ಆ ಚೌಕಟ್ಟಿನ ಕಷ್ಟವನ್ನೂ ಹೇಳಬೇಕು. ಆಟವನ್ನು ಪರದೆಯ ಮೇಲೆ ನಡೆಸುವ ತಂತ್ರಾಂಶಕ್ಕೆ ಎಂಜಿನ್ ಎನ್ನುತ್ತಾರೆ. ಹಳೆಯ ಎಂಜಿನ್‌ಗಳು, ಉದಾಹರಣೆಗೆ ಎನ್‌ಸ್ಕ್ರಿಪ್ಟರ್, ಜಪಾನಿ ಅಕ್ಷರಗಳಿಗಾಗಿಯೇ ಕಟ್ಟಿದಂಥವು. ಜಪಾನಿಯಲ್ಲಿ ಎರಡು ಸಾಲಿನಲ್ಲಿ ಕೂರುವ ಮಾತು ಇಂಗ್ಲಿಷ್‌ಗೆ ಬಂದಾಗ ಚೌಕಟ್ಟು ಮೀರಿ ಹರಿಯುತ್ತದೆ. ಎರಡು ಚೌಕಟ್ಟುಗಳಿಗೆ ಒಡೆಯೋಣವೆಂದರೆ ಒಂದು ಚೌಕಟ್ಟಿಗೆ ಒಂದು ಧ್ವನಿ ಕಡತ ಅಂಟಿಕೊಂಡಿರುತ್ತದೆ. ದನಿಯನ್ನು ನಡುವೆ ಕತ್ತರಿಸುವ ಹಾಗಿಲ್ಲ. ಅದಕ್ಕೇ ಅಭಿಮಾನಿಗಳ ತಂಡಗಳಲ್ಲಿ ಭಾಷೆ ಬಲ್ಲವನಷ್ಟೇ ಮರ್ಯಾದೆ ಎಂಜಿನ್ ಬಿಚ್ಚಬಲ್ಲವನಿಗೂ ಇತ್ತು.

ಆ ಅಭಿಮಾನಿಗಳಿಗೆ ನಾವು ಎಷ್ಟು ಋಣಿಗಳು ಎಂಬುದಕ್ಕೆ ವರ್ಷಗಳನ್ನೇ ನೋಡಿ. ಟೈಪ್-ಮೂನ್‌ನ ತ್ಸುಕಿಹಿಮೆ ಬಂದದ್ದು 2000ದಲ್ಲಿ. ಮಿರರ್ ಮೂನ್ ಎಂಬ ಅಭಿಮಾನಿ ತಂಡ ಅದನ್ನು ಇಂಗ್ಲಿಷ್‌ಗೆ ತಂದದ್ದು 2006ರಲ್ಲಿ. ಫೇಟ್ ಸ್ಟೇ ನೈಟ್ ಬಂದದ್ದು 2004ರಲ್ಲಿ. ಅದೇ ತಂಡದ ಇಂಗ್ಲಿಷ್ 2008ರಲ್ಲಿ ಬಂತು, ಅಧಿಕೃತ ಇಂಗ್ಲಿಷ್ ಬಂದದ್ದು 2024ರ ಆಗಸ್ಟ್‌ನಲ್ಲಿ. ಮೂಲ ಬಂದಾಗ ಹುಟ್ಟಿದ ಮಗು ಕಾಲೇಜು ಮುಗಿಸುವ ಹೊತ್ತಿಗೆ! ನಡುವಿನ ಅಷ್ಟೂ ವರ್ಷ ಜಗತ್ತು ಓದಿದ್ದು ಸಂಬಳವಿಲ್ಲದವರು ರಾತ್ರಿ ಕೂತು ಮಾಡಿದ ಅನುವಾದವನ್ನು. ಅದರಲ್ಲಿ ಒರಟುತನವಿತ್ತು, ಹಾಸ್ಯಾಸ್ಪದ ವಾಕ್ಯಗಳೂ ಇದ್ದವು, ಅವು ಇಂದಿಗೂ ನಗೆಯ ವಸ್ತು. ಆದರೆ ಆ ತಂಡದವರು ಆಟವನ್ನು ಕ್ಲಿಕ್ ಮಾಡುತ್ತ ಓದಿದವರು. ಬರೀ ಕೋಷ್ಟಕದಲ್ಲಿ ಸಾಲು ನೋಡಿ ಅನುವಾದಿಸಿದವರಿಗಿಂತ ಅವರ ತಪ್ಪುಗಳೇ ನನಗೆ ಹಿತ. (2004ರ ಮೂಲದಲ್ಲಿದ್ದ ವಯಸ್ಕರ ದೃಶ್ಯಗಳು ಅಧಿಕೃತ ಇಂಗ್ಲಿಷ್‌ನಲ್ಲಿ ಇಲ್ಲ. ಅಧ್ಯಕ್ಷರ ಮುಖ ನೋಡಿ ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.)

ಈಗ ನನಗೆ ಅತ್ಯಂತ ಪ್ರಿಯವಾದ ಕಥೆ. ನನ್ನ ಗೆಳೆಯರು ಇದನ್ನು ಅನೇಕ ಸಲ ಕೇಳಿದ್ದಾರೆ, ಅವರು ಬೇಕಾದರೆ ಹೊರಗೆ ಹೋಗಿ ಬರಬಹುದು.

ಶೂ ತಾಕುಮಿ ಅವರ ವಕೀಲರ ಆಟ, ಕ್ಯಾಪ್‌ಕಾಮ್‌ನ ಗ್ಯಾಕುತೆನ್ ಸೈಬಾನ್, 2001ರಲ್ಲಿ ಜಪಾನಿನಲ್ಲಿ ಬಂತು. 2005ರಲ್ಲಿ ಅದು ಏಸ್ ಅಟಾರ್ನಿ ಆಗಿ ಇಂಗ್ಲಿಷ್‌ಗೆ ಬಂದಾಗ ಕಥೆ ಅನಾಮತ್ತಾಗಿ ಲಾಸ್ ಏಂಜಲೀಸ್‌ಗೆ ವರ್ಗವಾಯಿತು. ನಾಯಕ ರ್ಯೂಯಿಚಿ ನಾರುಹೋದೋ ಫೀನಿಕ್ಸ್ ರೈಟ್ ಆದ. ಅವನ ಸಹಾಯಕಿ ಮಾಯೋಯಿ ಮಾಯಾ ಆದಳು. ಜಪಾನಿಯಲ್ಲಿ ರಾಮೆನ್ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ ಇಂಗ್ಲಿಷ್‌ನಲ್ಲಿ ಹ್ಯಾಂಬರ್ಗರ್‌ಗೆ ಪ್ರಾಣ ಬಿಡತೊಡಗಿದಳು. ಮೊದಲ ಆಟದ ಮಟ್ಟಿಗೆ ಎಲ್ಲವೂ ನಡೆದುಹೋಯಿತು. ನ್ಯಾಯಾಲಯ ಎಲ್ಲಿದ್ದರೂ ನ್ಯಾಯಾಲಯವೇ. ಆದರೆ ತಾಕುಮಿ ಅವರು ಇಂಗ್ಲಿಷ್ ಓದುಗರ ಅನುಕೂಲ ನೋಡಿಕೊಂಡು ಬರೆಯುವವರಲ್ಲ. ಎರಡನೆಯ ಆಟದಲ್ಲಿ ಆ ಹುಡುಗಿಯ ಹುಟ್ಟೂರು ಬಂತು: ಬೆಟ್ಟಗಳ ನಡುವೆ ಒಂದು ಹಳ್ಳಿ, ಚಾಪೆ ಹಾಸಿದ ಕೋಣೆಗಳು, ಕಿಮೋನೋ ಉಟ್ಟು ಪ್ರೇತಾವಾಹನೆ ಮಾಡುವ ಹೆಂಗಸರು. ಲಾಸ್ ಏಂಜಲೀಸ್ ಪಕ್ಕದಲ್ಲಿ! ಸರಣಿ ಬೇರೆ ಲೇಖಕರ ಕೈಗೆ ಹೋದ ಮೇಲೂ ಕಾಟ ತಪ್ಪಲಿಲ್ಲ. 2013ರ ಐದನೆಯ ಆಟದಲ್ಲಿ ಯೋಕಾಯಿ ಎಂಬ ಜಪಾನಿ ಭೂತಗಳ ಜಾತ್ರೆ ನಡೆಯುವ ಇಡೀ ಒಂದು ಹಳ್ಳಿ ಬಂತು. 2016ರ ಆರನೆಯ ಆಟದಲ್ಲಿ ಒಬ್ಬರೇ ಕೂತು ಹಾಸ್ಯಕಥೆ ಹೇಳುವ ರಾಕುಗೋ ಕಥೆಗಾರರು, ಸೋಬಾ ನೂಡಲ್ಸ್ ಅಂಗಡಿ. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ, ದಿಂಬಿನ ಮೇಲೆ ಮಂಡಿಯೂರಿ ಕೂತು, ಬೀಸಣಿಗೆ ಹಿಡಿದು ರಾಕುಗೋ!

ಅನುವಾದದ ಹೊಣೆ ಹೊತ್ತಿದ್ದ ಜಾನೆಟ್ ಹ್ಸೂ ಇದಕ್ಕೊಂದು ಸಮಜಾಯಿಷಿ ಕೊಟ್ಟರು. ಈ ಆಟದ ಲಾಸ್ ಏಂಜಲೀಸ್ ಬೇರೆಯೇ ಒಂದು ಇತಿಹಾಸದ ಊರು, ಅಲ್ಲಿ ಜಪಾನಿನಿಂದ ವಲಸೆ ಬಂದವರ ಸಂಸ್ಕೃತಿಯನ್ನು ಯಾರೂ ಹತ್ತಿಕ್ಕಲಿಲ್ಲ, ಹಾಗಾಗಿ ಅದು ಬೆಳೆದು ಹೂಬಿಟ್ಟಿತು ಎಂದು. ಅಭಿಮಾನಿಗಳು ಆ ನಾಡಿಗೆ ಇಟ್ಟ ಹೆಸರು ಜಪಾನಿಫೋರ್ನಿಯಾ. ನಾನು ಈ ವಿವರಣೆಯನ್ನು ಮೊದಲ ಸಲ ಓದಿದಾಗ ನಕ್ಕೆ, ಆಮೇಲೆ ಗೌರವ ಬಂತು. ಒಂದು ಹ್ಯಾಂಬರ್ಗರ್ ಉಳಿಸಿಕೊಳ್ಳಲು ಒಂದು ದೇಶದ ಚರಿತ್ರೆಯನ್ನೇ ತಿದ್ದಿದ ಅನುವಾದಕರನ್ನು ಬೇರೆಲ್ಲಿ ಕಾಣುತ್ತೀರಿ?

ಊರು ಬದಲಿಸುವುದು ನಮಗೆ ಹೊಸದಲ್ಲ. ಕುವೆಂಪು ಹ್ಯಾಮ್ಲೆಟ್‌ನನ್ನು ‘ರಕ್ತಾಕ್ಷಿ’ಯಲ್ಲಿ ಬಿದನೂರಿಗೆ ಕರೆತಂದರು. ಆದರೆ ಅವರು ಎಲ್ಲವನ್ನೂ ತಂದರು. ಡೆನ್ಮಾರ್ಕಿನ ಕೋಟೆಯ ಚಿತ್ರವನ್ನು ಹಿಂದೆ ತೂಗುಹಾಕಿಕೊಂಡು ಕೆಳದಿಯ ಮಾತು ಆಡಿಸಲಿಲ್ಲ. ವಿಷುಯಲ್ ನಾವೆಲ್‌ನಲ್ಲಿ ಅನುವಾದಕನ ಕೈಗೆ ಸಿಗುವುದು ಅಕ್ಷರ ಮಾತ್ರ. ಚಿತ್ರ, ಸಂಗೀತ, ದನಿ ಎಲ್ಲವೂ ಜಪಾನಿನಲ್ಲೇ ನಿಂತಿರುತ್ತವೆ. ಚುನ್‌ಸಾಫ್ಟ್‌ನ ಕಾಮಾಯಿತಾಚಿ ನೋ ಯೋರು, ಹಿಮದ ನಡುವಿನ ವಸತಿಗೃಹದ ಕೊಲೆಯ ಕಥೆ, 2014ರಲ್ಲಿ ಮೊಬೈಲ್‌ಗೆ ಇಂಗ್ಲಿಷ್‌ನಲ್ಲಿ ಬಂದಾಗ ಕೆನಡಾಕ್ಕೆ ಹೋಯಿತು. ಅಲ್ಲಿ ಅದು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಏಕೆಂದರೆ ಅದರ ಪಾತ್ರಗಳೆಲ್ಲ ಮುಖವಿಲ್ಲದ ನೀಲಿ ನೆರಳುಗಳು. ಕೊನೆಗೆ ಕ್ಯಾಪ್‌ಕಾಮ್‌ನವರೂ ನೂರು ವರ್ಷಕ್ಕೂ ಹಿಂದಿನ ಮೇಜಿ ದೊರೆಯ ಕಾಲದಲ್ಲಿ ನಡೆಯುವ ಗ್ರೇಟ್ ಏಸ್ ಅಟಾರ್ನಿಯನ್ನು 2021ರಲ್ಲಿ ಇಂಗ್ಲಿಷ್‌ಗೆ ತಂದಾಗ ಜಪಾನನ್ನು ಜಪಾನ್ ಆಗಿಯೇ ಬಿಟ್ಟರು. ಅದರಲ್ಲಿ ಜಪಾನಿನ ಹೆಸರಾಂತ ಕಾದಂಬರಿಕಾರ ನಾತ್ಸುಮೆ ಸೋಸೆಕಿಯೇ ಆರೋಪಿಯ ಕಟಕಟೆಯಲ್ಲಿ ನಿಲ್ಲುತ್ತಾನೆ, ಲಾಸ್ ಏಂಜಲೀಸ್‌ಗೆ ಎಲ್ಲಿ ಸಾಗಿಸುವುದು? ಶರ್ಲಾಕ್ ಹೋಮ್ಸ್ ಮಾತ್ರ ಹಕ್ಕುಸ್ವಾಮ್ಯದ ಕಾಟಕ್ಕೆ ಹೆರ್ಲಾಕ್ ಶೋಮ್ಸ್ ಆದ.

ಅಧ್ಯಕ್ಷರು ಗಡಿಯಾರ ನೋಡಿದರು. ಉಮಿನೆಕೋ ಬಗ್ಗೆ ಹೇಳದೆ ನಾನು ಇಳಿಯುವುದಿಲ್ಲ.

ರ್ಯೂಕಿಶಿ07 ಎಂಬ ಹೆಸರಿನಲ್ಲಿ ಬರೆಯುವ ಲೇಖಕ 2007ರಿಂದ 2010ರವರೆಗೆ, ಬೇಸಿಗೆಗೊಂದು ಚಳಿಗಾಲಕ್ಕೊಂದು ಎಂಬಂತೆ, ಎಂಟು ಕಂತುಗಳಲ್ಲಿ ಹಂಚಿದ ಕೊಲೆಯ ಒಗಟು ಅದು. ಕೆಂಪು ಅಕ್ಷರದಲ್ಲಿ ಬಂದ ಮಾತು ಸತ್ಯ, ಉಳಿದದ್ದರ ಮೇಲೆ ಭರವಸೆ ಇಡುವಂತಿಲ್ಲ. ವಿಚ್ ಹಂಟ್ ಎಂಬ ಅಭಿಮಾನಿ ತಂಡ ಕಥೆ ಇನ್ನೂ ನಡೆಯುತ್ತಿದ್ದಾಗಲೇ ಕಂತುಗಳನ್ನು ಅನುವಾದಿಸುತ್ತ ಹೋಯಿತು. ಕೊಲೆಗಾರ ಯಾರೆಂದು ಅವರಿಗೂ ಗೊತ್ತಿರಲಿಲ್ಲ! ಜಪಾನಿ ವಾಕ್ಯದಲ್ಲಿ ಕರ್ತೃವನ್ನು ಬಿಟ್ಟುಬಿಡಬಹುದು. ಬಂದದ್ದು ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂದು ಕ್ರಿಯಾಪದ ಬಾಯಿ ಬಿಡುವುದಿಲ್ಲ. ಅದು ಲೇಖಕನ ಅಭ್ಯಾಸವೋ, ಬಚ್ಚಿಟ್ಟ ಸುಳಿವೋ? ತಿಳಿಯದೆ ಇಂಗ್ಲಿಷ್ ಸರ್ವನಾಮ ಹಾಕಿದರೆ ಒಗಟೇ ಒಡೆದುಹೋಗಬಹುದು. ಕನ್ನಡದಲ್ಲಾದರೆ ‘ಬಂದರು’ ಎಂದು ಮರ್ಯಾದೆ ಕೊಟ್ಟು ಪಾರಾಗಬಹುದಿತ್ತು. ಕೊಲೆಗಾರನಿಗೆ ಬಹುವಚನ, ನಡೆಯುತ್ತದೆ. ಹೀಗೆ ಕತ್ತಲಲ್ಲಿ ಮಾಡಿದ ಕೆಲಸ ಎಷ್ಟು ಗಟ್ಟಿಯಾಗಿತ್ತೆಂದರೆ, 2016 ಮತ್ತು 2017ರಲ್ಲಿ ಮಾಂಗಾಗೇಮರ್‌ನವರು ಅಧಿಕೃತವಾಗಿ ಪ್ರಕಟಿಸಿದಾಗ ಅದೇ ತಂಡದ ಅನುವಾದವನ್ನೇ ಬಳಸಿಕೊಂಡರು. ನಿಷ್ಠೆ, ಸರಾಗ ಎಂದು ಕಚ್ಚಾಡುವವರು ಗಮನಿಸಬೇಕು: ಅವರು ಕಾಪಾಡಿದ್ದು ಓದುಗನಿಗೆ ಯಾವ ಕ್ಲಿಕ್ಕಿನಲ್ಲಿ ಏನು ತಿಳಿಯಬಾರದೋ ಅದನ್ನು.

ಚೀಟಿ ಬಂತು. ಐದು ನಿಮಿಷ ಎಂದು ಬರೆದಿದ್ದಾರೆ, ಮೂರು ಎಂದು ಓದಿಕೊಳ್ಳುತ್ತೇನೆ.

ಕೊತಾರೋ ಉಚಿಕೋಶಿ ಅವರ 999 ಎಂಬ ಆಟದ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. ಡಿಎಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರದ ಎರಡು ಪರದೆಗಳಲ್ಲಿ ಮೇಲಿನದರಲ್ಲಿ ಯಾವ ಮಾತು, ಕೆಳಗಿನದರಲ್ಲಿ ಯಾವ ಮಾತು ಎಂಬುದರಲ್ಲೇ ಅದರ ಗುಟ್ಟು ಇದೆ. 2017ರಲ್ಲಿ ಅದು ಒಂದೇ ಪರದೆಯ ಯಂತ್ರಗಳಿಗೆ ಬಂದಾಗ ಭಾಷೆ ಬದಲಾಗದೆಯೇ ಅನುವಾದದ ಸಮಸ್ಯೆ ಎದ್ದಿತು. ಆಡದವರು ಡಿಎಸ್ ಹುಡುಕಿ ಆಡಿ. ಹೆಸರಿನ ಮುಂದೆ ಹಚ್ಚುವ ‘ಸಾನ್’, ‘ಸೆನ್‌ಪಾಯ್’ನಂಥ ಗೌರವದ ಪದಗಳನ್ನು ಉಳಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ದನಿಯಲ್ಲಿ ಕೇಳಿಸುತ್ತಿದ್ದರೆ ಉಳಿಸಿ. ಕಿವಿಗೆ ಬಿದ್ದದ್ದನ್ನು ಕಣ್ಣಿಗೆ ಮರೆಮಾಚಿದರೆ ಓದುಗ ಅನುವಾದಕನನ್ನು ನಂಬುವುದನ್ನು ಬಿಡುತ್ತಾನೆ.

ಯಂತ್ರಾನುವಾದ. ಇದರ ಮೇಲೆ ಕೋಪ ಮಾಡಿಕೊಳ್ಳಲು ಸಮಯವಿಲ್ಲ. ಆಟದಿಂದ ಸಾಲುಗಳನ್ನು ಹೊರತೆಗೆದು ಒಂದೊಂದಾಗಿ ಯಂತ್ರಕ್ಕೆ ಉಣಿಸಿದರೆ, ಯಾರು ಮಾತಾಡುತ್ತಿದ್ದಾರೆ ಎಂದು ಅದಕ್ಕೆ ತಿಳಿಯುವುದಿಲ್ಲ. ಒಂದು ಚೌಕಟ್ಟಿನಲ್ಲಿ ಅಕ್ಕನಾದವಳು ಮುಂದಿನ ಚೌಕಟ್ಟಿನಲ್ಲಿ ಅವನಾಗುತ್ತಾಳೆ. ಅದನ್ನೇ ದುಡ್ಡಿಗೆ ಮಾರುವವರು ಕನಿಷ್ಠ ಒಮ್ಮೆ ಕೂತು ಕ್ಲಿಕ್ ಮಾಡಿ ನೋಡಲಿ.

ಕೊನೆಯದಾಗಿ ಕೆಲಸದ ಮಾತು. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಗೆ ಈ ಕ್ಲಿಕ್ಕಿನ ಲೆಕ್ಕ ಇಂಗ್ಲಿಷ್‌ಗಿಂತ ಸಲೀಸು. ಜಪಾನಿ ಕಲಿತ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಇಲ್ಲೇ ನಾಲ್ವರು ಕಾಣುತ್ತಿದ್ದಾರೆ. ಅರವತ್ತು ಗಂಟೆಯ ಕ್ಲಾನಾಡ್‌ಗೆ ಕೈ ಹಾಕಬೇಡಿ. 2005ರಲ್ಲಿ ಉಚಿತವಾಗಿ ಹಂಚಲಾದ ನಾರ್ಸಿಸು ಎಂಬ ಕಿರುಕೃತಿ ಇದೆ: ಆಸ್ಪತ್ರೆಯ ಏಳನೆಯ ಮಹಡಿಯಿಂದ ಕಾರು ತೆಗೆದುಕೊಂಡು ಓಡಿಹೋಗುವ ಇಬ್ಬರ ಕಥೆ. ಅದರ ಇಂಗ್ಲಿಷ್ ಆವೃತ್ತಿಯಲ್ಲಿ ಇಬ್ಬರು ಅನುವಾದಕರ ಎರಡು ಬೇರೆ ಬೇರೆ ಅನುವಾದಗಳನ್ನು ಒಟ್ಟಿಗೆ ಕೊಟ್ಟಿದ್ದಾರೆ, ಯಾವುದು ಬೇಕೋ ಅದನ್ನು ಆರಿಸಿಕೊಂಡು ಓದಬಹುದು. ಎರಡನ್ನೂ ಓದಿ, ಮೂಲವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಹಕ್ಕುದಾರರಿಗೆ ಪತ್ರ ಬರೆದು ಒಪ್ಪಿಗೆ ಕೇಳಿ. ಪತ್ರ ಬರೆಯಲು ಸಿದ್ಧರಿರುವವರು ಗೋಷ್ಠಿ ಮುಗಿದ ಮೇಲೆ ಬಾಗಿಲ ಬಳಿ ನನ್ನನ್ನು ಕಾಣಿ, ಹೆಸರು ಬರೆದುಕೊಳ್ಳುತ್ತೇನೆ. ಪ್ರಶ್ನೆಗಳಿದ್ದರೆ ಕೇಳಬಹುದು. ಉಮಿನೆಕೋದ ಕೊಲೆಗಾರ ಯಾರು ಎಂಬುದೊಂದನ್ನು ಬಿಟ್ಟು.